ಗಲ್ಲಕ್ಕೆ ಬಣ್ಣ ನಾಟಿ

ಆಗುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಆಳಂದ ತಾಲೂಕಿನ ನಮ್ಮೂರು ಅವಳ ತವರು. ಗಂಡನ ಮನೆ ಜೇವರ್ಗಿ ತಾಲೂಕಿನ ಕೊಳಕೂರ. ಮಗಳನ್ನು ಕೊಟ್ಟದ್ದು ಅಫಜಲಪುರ ತಾಲೂಕಿನ ಹವಳಗಾಕ್ಕೆ. ಹೀಗಾಗಿ ಯಾವ ಮಾತು ಬಂದರೂ ಮೂರು ತಾಲೂಕಿನ ಪರವಾಗಿ ತೀರ್ಪು ಕೊಡುವ ಅಧಿಕಾರ ತನಗಿದೆ ಎಂದೇ ಅವಳ ನಂಬಿಕೆ. ನಾನು ಪಿಯುಸಿ ಪಾಸಾದ ವಾರ ನಮ್ಮ ಮನೆಗೆ ಬಂದವಳು, ಚಹಾ ಬಸಿಗೆ ಸುರುವಿಕೊಂಡು ಊದುತ್ತಾ ತೀರ್ಪು ಕೊಟ್ಟಳು.

“ಆಳಂದ ನೋಡೀನಿ, ಅಫಜಲಪುರ ನೋಡೀನಿ, ಜೇವರ್ಗಿ ನೋಡೀನಿ. ತೊನ್ನಾದ ತೊಗಲಿಗೆ ಹೊಳ್ಳಿ ಬಣ್ಣ ಬಂದಿದ್ದು ಎಲ್ಲೂ ನೋಡಿಲ್ಲ. ನಮ್ಮ ಮಂದ್ಯಾಗ ಹುಡುಗಿ ಡಿಗ್ರಿ ಮಾಡಿದ್ದೂ ನೋಡಿಲ್ಲ. ಸುಮ್ಮ ಆಕೀಗಿ ಊರಾಗ ಇಟಗೋರಿ.”

ಅವ್ವ ಒಲೆಯ ಮುಂದಿನಿಂದ, “ನೀವು ನೋಡಿಲ್ಲಂದ್ರ ಆಗೂದಿಲ್ಲಂತೇನಿಲ್ಲ ಅಕ್ಕಾ, ಇನ್ನೊಂದ್ ಬಸಿ ಚಹಾ ಕುಡೀರಿ,” ಎಂದಳು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಎಡಗಲ್ಲದ ಮೇಲೆ ಬಟಾಣಿಯಷ್ಟು ಬಿಳಿ ಚುಕ್ಕೆ ಕಾಣಿಸಿತ್ತು. ಹೊಟ್ಟೆಯಲ್ಲಿ ಜಂತಾಗಿರಬೇಕೆಂದು ಗುಳಿಗೆ ನುಂಗಿಸಿದರು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಆ ಚುಕ್ಕೆ ಅರ್ಧ ಅಂಗೈಯಷ್ಟಾಗಿ ಕಿವಿಯ ಕಡೆ ಸರಿದಿತ್ತು. ಕೈಬೆರಳುಗಳ ತುದಿಗಳೂ ಬೆಳ್ಳಗಾದವು. ಉರಿಯಿಲ್ಲ, ತುರಿಕೆಯಿಲ್ಲ, ನೋವಿಲ್ಲ. ನಾನು ನಮ್ಮಪ್ಪನ ಹಾಗೆ ಅಚ್ಚ ಕಪ್ಪು, ಹಾಗಾಗಿ ಬಸ್‌ಸ್ಟ್ಯಾಂಡಿನ ಆ ತುದಿಯಿಂದಲೂ ಮಚ್ಚೆ ಕಾಣುತ್ತಿತ್ತು.

ಅತ್ತೆ ನಮ್ಮ ಮನೆತನದಲ್ಲೇ ಕೆಂಪು. ನಮ್ಮ ಕಡೆ ಬೆಳ್ಳಗಿರುವವರನ್ನು ಕೆಂಪು ಎನ್ನುತ್ತೇವೆ. ಆ ಕೆಂಪಿನ ಬಗ್ಗೆ ಅವಳಿಗೆ ಬಹಳ ಅಭಿಮಾನ. ಬಣ್ಣದ ವಿಷಯದಲ್ಲಿ ತಾನು ಹೇಳಿದ್ದೇ ಕಾಯಿದೆ ಎಂದುಕೊಂಡು, ನಾನು ಪಿಯುಸಿಗೆ ಸೇರಿದಾಗಲೇ ನನಗೊಂದು ಪಥ್ಯ ಹಾಕಿದ್ದಳು: ಬಿಳಿಯದನ್ನು ತಿನ್ನಬಾರದು. ಹಾಲು ಬಂದ್, ಮೊಸರು ಬಂದ್, ಅನ್ನ ಬಂದ್, ಮೂಲಂಗಿ ಬಂದ್.

“ಬಿಳೇದು ತಿಂದ್ರ ಬಿಳೇದೇ ಆಗ್ತದ,” ಎಂದಳು.

ಅಪ್ಪ ತಲೆ ಕೆರೆದುಕೊಂಡ. “ಅಕ್ಕಾ, ಜ್ವಾಳನೂ ಬಿಳೇದೇ ಅದಲ್ಲ. ಮತ್ತ ರೊಟ್ಟಿ?”

ಜೋಳದ ರೊಟ್ಟಿ ಬಿಟ್ಟರೆ ಈ ಸೀಮೆಯಲ್ಲಿ ತಿನ್ನಲಿಕ್ಕೆ ಏನಿದೆ? ಅತ್ತೆ ವಿಚಾರ ಮಾಡಿ, “ಜರಾ ಕರ್ರಗ ಸುಟ್ಟು ಕೊಡ್ರಿ,” ಎಂದು ದಾರಿ ಹುಡುಕಿದಳು. ಬುದ್ಧ ವಿಹಾರಕ್ಕೆ ಹೋಗುವಾಗ ಅತ್ತೆಯೇ ಹಾಲಿನಂಥ ಬಿಳಿ ಸೀರೆ ಉಡುತ್ತಿದ್ದಳು. ಅಪ್ಪ ಅದನ್ನು ನೆನಪಿಸಿದಾಗ, “ಸೀರಿ ನಾ ಉಡ್ತೀನಿ, ತಿನ್ನಂಗಿಲ್ಲಲೇ!” ಎಂದು ಅವನ ಬಾಯಿ ಮುಚ್ಚಿಸಿದಳು. ಎರಡು ವರ್ಷ ನಾನು ಸೀದ ರೊಟ್ಟಿ ತಿಂದೆ. ಮಚ್ಚೆ ತನ್ನ ಪಾಡಿಗೆ ತಾನು ಬೆಳೆಯಿತು.

ಅಪ್ಪ ಭೂಸನೂರ ಕಡೆಯ ಒಂದು ಕಬ್ಬಿನ ಸಸಿ ನರ್ಸರಿಯಲ್ಲಿ ಕೂಲಿ ಮಾಡುತ್ತಾನೆ. ಕಬ್ಬಿನ ಒಂದೊಂದು ಗಣ್ಣಿನಿಂದ ಒಂದೊಂದು ಕಣ್ಣು ಕತ್ತರಿಸಿ, ಟ್ರೇಯಲ್ಲಿ ಸಸಿ ಮಾಡಿ, ಹೊಲಕ್ಕೆ ನಾಟಿಗೆ ಕೊಡುವ ಕೆಲಸ. ಅವ್ವ ಮಹಿಳಾ ಸಂಘದವರ ಜೊತೆ ಕೂತು ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿ ಕಲಬುರಗಿಯ ಖಾನಾವಳಿಗಳಿಗೆ ಹೋಗುತ್ತವೆ. ಇಬ್ಬರೂ ಶಾಲೆಯ ಪಾಟಿ ಚೀಲ ಹೊತ್ತವರಲ್ಲ. ಆದರೂ ಅತ್ತೆ ಬಸ್ ಹತ್ತಿದ ಮರುದಿನ ಅಪ್ಪ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಬಿ.ಎಸ್ಸಿ.ಗೆ ಹೆಸರು ಹಚ್ಚಿದ. ಹಾಸ್ಟೆಲಿನ ಬಾಗಿಲಲ್ಲಿ ಟ್ರಂಕು ಇಳಿಸಿ, “ಓದು. ಉಳಿದಿದ್ದು ನಾ ನೋಡ್ಕೋತೇನಿ,” ಎಂದವನು ತಿರುಗಿ ನೋಡದೆ ಹೋದ.

ಕಲಬುರಗಿಯ ಬಿಸಿಲಿಗೆ ನಾನು ಇಂದಿಗೂ ಋಣಿ. ಆ ಬಿಸಿಲಿಗೆ ಹೆದರಿ ಊರಿನ ಹುಡುಗಿಯರೆಲ್ಲ ಓಢಣಿಯನ್ನು ಮುಖಕ್ಕೆ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟು ಓಡಾಡುತ್ತಾರೆ. ಅವರ ನಡುವೆ ನನ್ನ ಓಢಣಿಯೂ ಒಂದು. ರಸ್ತೆಯಲ್ಲಿ ನನ್ನನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ತೊಂದರೆಯಿದ್ದದ್ದು ತರಗತಿಯೊಳಗೆ. ಅಲ್ಲಿ ಓಢಣಿ ಬಿಚ್ಚಲೇಬೇಕು. ನಾನು ಎಡಗಡೆ ಗೋಡೆ ಇರುವ ಬೆಂಚನ್ನೇ ಆರಿಸಿಕೊಂಡು, ಗೋಡೆಗೆ ಗಲ್ಲ ಕೊಟ್ಟು ಎರಡು ವರ್ಷ ಓದಿದೆ. ಮಾರ್ಕ್ಸು ಚೆನ್ನಾಗಿ ಬರುತ್ತಿದ್ದವು. ಗೋಡೆಯ ಸುಣ್ಣ ಮಾತ್ರ ಓಢಣಿಗೆ ಹತ್ತುತ್ತಿತ್ತು.

ಎರಡನೇ ವರ್ಷ ಜೀವಶಾಸ್ತ್ರದ ಮೇಡಮ್ ಎಲ್ಲರಿಗೂ ಒಂದೊಂದು ಸೆಮಿನಾರ್ ಹಂಚಿದರು. ನನ್ನ ಸರದಿ ಬಂದಾಗ ಎದ್ದು ಹಲಗೆಯ ತನಕ ಹೋದೆ. ತಿರುಗಿ ನಿಂತರೆ ಅಷ್ಟೂ ಕಣ್ಣು ಎಡಗಲ್ಲದ ಮೇಲೆ. ಬಾಯಿಪಾಠವಾಗಿದ್ದ ಮೊದಲ ವಾಕ್ಯವೇ ಹಾರಿಹೋಯಿತು. “ಬರದು ಕೊಡ್ತೀನ್ರಿ ಮೇಡಮ್,” ಎಂದು ಬಂದು ಕೂತೆ.

ತರಗತಿ ಮುಗಿದ ಮೇಲೆ ಮೇಡಮ್ ನನ್ನನ್ನು ನಿಲ್ಲಿಸಿಕೊಂಡು, “ಈ ಸಲ ಬರೆದು ಕೊಡು. ಮುಂದಿನ ವರ್ಷ ಪ್ರಾಜೆಕ್ಟ್ ಇದೆ. ಹೊರಗಿನಿಂದ ಪರೀಕ್ಷಕರು ಬರ್ತಾರೆ. ಅವರ ಮುಂದೆ, ತರಗತಿಯ ಮುಂದೆ ನಿಂತು ಹೇಳಲೇಬೇಕು. ಅದಿಲ್ಲದೆ ಡಿಗ್ರಿ ಆಗೋದಿಲ್ಲ,” ಎಂದರು.

ಆ ಶನಿವಾರ ಊರಿಗೆ ಹೋಗಿ ಅವ್ವನ ಪಕ್ಕ ಕೂತು ಹೇಳಿದೆ. ಗಲ್ಲಕ್ಕೆ ಬಣ್ಣ ಬಂದರೆ ಮೂರನೇ ವರ್ಷಕ್ಕೆ ಹೋಗುತ್ತೇನೆ, ಬರದಿದ್ದರೆ ಹೋಗುವುದಿಲ್ಲ, ರೊಟ್ಟಿ ಬಡಿಯುತ್ತಾ ನಿನ್ನ ಜೊತೆ ಇರುತ್ತೇನೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ನಿನ್ನ ರೊಟ್ಟಿ ಅಂಚಿಗೆ ಹರಿತಾವ. ನೀ ಓದೂದೇ ಚೊಲೊ,” ಎಂದಷ್ಟೇ ಹೇಳಿದಳು. ಆದರೆ ಅವಳಿಗೆ ಗೊತ್ತಿತ್ತು, ನಾನು ತಮಾಷೆಗೆ ಹೇಳಿದ್ದಲ್ಲ ಎಂದು.

ಬಣ್ಣ ಬರುವ ಮಾತು ನಾನು ಸುಮ್ಮನೆ ಎತ್ತಿರಲಿಲ್ಲ. ಡಿಗ್ರಿಯ ಮೊದಲ ವರ್ಷವೇ ಕಲಬುರಗಿಯ ಒಂದು ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗತೊಡಗಿದ್ದೆ. ಅಲ್ಲಿಯ ಡಾಕ್ಟರಮ್ಮ ಮುಲಾಮು ಕೊಟ್ಟರು, ವಾರಕ್ಕೆರಡು ಸಲ ಬೆಳಕಿನ ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಇದು ಯಾರಿಗೂ ಅಂಟುವ ರೋಗವಲ್ಲ, ಊಟದಿಂದ ಬಂದದ್ದಲ್ಲ, ಹಾಲು ಕುಡಿ, ಅನ್ನ ಉಣ್ಣು ಎಂದೂ ಹೇಳಿದರು. ಆ ದಿನ ನಾನು ಹಾಸ್ಟೆಲಿನಲ್ಲಿ ಎರಡು ಸಲ ಮೊಸರನ್ನ ಹಾಕಿಸಿಕೊಂಡೆ. ಮಚ್ಚೆ ಹರಡುವುದು ನಿಂತಿತು. ಗಲ್ಲಕ್ಕೆ ಬಣ್ಣ ಮಾತ್ರ ಬರಲಿಲ್ಲ. ಹರಡುವುದು ಪೂರ್ತಿ ನಿಂತು ಒಂದು ವರ್ಷ ದಾಟಿದ ಮೇಲೆ ಡಾಕ್ಟರಮ್ಮ, “ಈಗ ಕೋಶ ನಾಟಿ ಮಾಡಬಹುದು. ಮನೆಯವರನ್ನು ಕರೆದುಕೊಂಡು ಬಾ,” ಎಂದರು.

ಅಪ್ಪ ಬಂದ. ಡಾಕ್ಟರಮ್ಮ ನಿಧಾನವಾಗಿ ವಿವರಿಸಿದರು. ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳಿರುತ್ತವೆ. ಬಿಳಿಯಾದ ಜಾಗದಲ್ಲಿ ಅವು ಇಲ್ಲ. ಒಳ್ಳೆಯ ಚರ್ಮದಿಂದ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಒಂದು ತುಂಡು ತೆಗೆಯುತ್ತಾರೆ. ಅದರಿಂದ ಕೋಶಗಳನ್ನು ಬಿಡಿಸಿ ನೀರಿನಂಥ ದ್ರಾವಣ ಮಾಡಿ, ಬಿಳಿ ಜಾಗವನ್ನು ಮೇಲೆಮೇಲೆ ಉಜ್ಜಿ ಅಲ್ಲಿ ಹಾಕಿ ಪಟ್ಟಿ ಕಟ್ಟುತ್ತಾರೆ. ಹತ್ತಿದರೆ ಅವು ಅಲ್ಲೇ ಬೆಳೆದು ಬಣ್ಣ ಕೊಡುತ್ತವೆ. ಸಣ್ಣ ತುಂಡು ದೊಡ್ಡ ಜಾಗಕ್ಕೆ ಸಾಕು.

ಅಪ್ಪನ ಮುಖ ಅರಳಿತು. “ನಮ್ಮ ಒಂಟಿ ಕಣ್ಣಿನ ಸಸಿ ಇದ್ದಂಗ್ರಿ. ಒಂದು ಗಳ ಕಬ್ಬಿನ್ಯಾಗ ಎಷ್ಟು ಜಾಗ ಆಗ್ತದ!” ಎಂದ. ಪಟ್ಟಿ ಎಂದು ಬಿಚ್ಚುತ್ತೀರಿ, ನೋವಾಗುತ್ತದೆಯೇ ಎಂದು ಕೇಳಿದ. ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅದು ಅವನಿಗೆ ಪ್ರಶ್ನೆಯೆಂದೇ ಅನಿಸಿರಲಿಲ್ಲ. ನರ್ಸರಿಯಲ್ಲಿ ಒಂದು ನಿಯಮವಿದೆ: ರೋಗ ಬಿದ್ದ ಹೊಲದ ಕಬ್ಬನ್ನು ಯಾರೂ ಬೀಜಕ್ಕೆ ತರುವುದಿಲ್ಲ. ಬೀಜ ಬೇರೆ ಹೊಲದ್ದು, ಜೋರಾಗಿ ಬೆಳೆದದ್ದು ಇರಬೇಕು. ‘ಒಳ್ಳೆಯ ಚರ್ಮ’ ಎಂದಾಗ ಅಪ್ಪನಿಗೆ ಅರ್ಥವಾದದ್ದು ಬೇರೆ ಯಾರದೋ ಒಳ್ಳೆಯ ಚರ್ಮ ಎಂದು.

ಎರಡನೇ ವರ್ಷದ ಪರೀಕ್ಷೆ ಮುಗಿದ ಮೇಲೆ ಕೋಶ ಹಾಕುವ ದಿನ ಗೊತ್ತಾಯಿತು. ಆ ದಿನ ನಾನು ಹಾಸ್ಟೆಲಿನಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ನೋಡಿದರೆ ಒಂದು ಟಂಟಂ ಆಟೋ ನಿಂತಿದೆ. ಅದರಿಂದ ಅಪ್ಪ ಇಳಿದ, ಅವ್ವ ಇಳಿದಳು, ಅಪ್ಪನ ತಮ್ಮಂದಿರು, ನನ್ನ ಇಬ್ಬರು ಕಾಕಂದಿರು ಇಳಿದರು. ಕೊನೆಗೆ, ಎಣ್ಣೆ ನೀರು ಹಾಕಿಕೊಂಡು, ಜರಿಯಂಚಿನ ಸೀರೆ ಉಟ್ಟು, ಕೊಳಕೂರದಿಂದ ಹಿಂದಿನ ದಿನವೇ ಬಂದಿದ್ದ ಅತ್ತೆ ಇಳಿದಳು. ಎಲ್ಲರೂ ಚರ್ಮ ಕೊಡಲು ತಯಾರಾಗಿ ಬಂದಿದ್ದರು.

“ಆಗಂಗಿಲ್ಲ ಅಂದಿದ್ದಿ, ಈಗ್ಯಾಕ ಬಂದಿ?” ಎಂದು ಕೇಳಿದೆ.

“ಆಗಂಗಿಲ್ಲ ಖರೇ. ಆದ್ರ ಮಾಡೂದಾದ್ರ ಚೊಲೋ ಮಾಲು ಹಾಕಿ ಮಾಡಬೇಕಿಲ್ಲೇನ್ಬೇ?” ಎಂದಳು.

ಒಳಗೆ ವರಾಂಡದಲ್ಲೇ ವಾದ ಶುರುವಾಯಿತು. ದೊಡ್ಡ ಕಾಕಾ ತನ್ನ ಬೆನ್ನು ಬಿಸಿಲು ಕಂಡಿಲ್ಲ ಎಂದ. ಸಣ್ಣ ಕಾಕಾ ವಯಸ್ಸಿನ ಚರ್ಮ ಬೇಡ, ತನ್ನದು ಎಳೆಯದು ಎಂದ. ಅವ್ವ, “ಹೆತ್ತಾಕಿ ನಾನು, ನಂದೇ ಹೊಂದೂದು,” ಎಂದಳು. ಅತ್ತೆ ಎಲ್ಲರನ್ನೂ ಹಿಂದೆ ಸರಿಸಿದಳು.

“ನಿಮ್ಮದೆಲ್ಲಾ ಹಾಕಿದ್ರ ಮತ್ತ ಕರ್ರಗೇ ಆಗ್ತಾಳ. ನಂದು ಹಾಕ್ರಿ, ಕೆಂಪಾಗ್ತಾಳ.”

“ಏ ಅಕ್ಕಾ,” ಅಪ್ಪ ಗಾಬರಿಯಾದ, “ಒಂದು ಗಲ್ಲ ಕೆಂಪು, ಒಂದು ಗಲ್ಲ ಕರಿ ಆದ್ರ ಹೆಂಗ?”

“ಇನ್ನೊಂದು ಗಲ್ಲಕ್ಕೂ ಕೊಡ್ತೀನಿ ತಗೋ. ನನಗೇನ್ ಕಡಿಮಿ ಅದೇನ್?”

ಡಾಕ್ಟರಮ್ಮ ಹೊರಗೆ ಬಂದಾಗ ಅತ್ತೆ ತೋಳು ಮೇಲೇರಿಸಿಕೊಂಡು ಮುಂದೆ ನಿಂತಿದ್ದಳು. “ನೋಡ್ರಿ ಮೇಡಮ್ಮಾರ, ಒಂದು ಕಲೆ ಇಲ್ಲ, ಒಂದು ಮಚ್ಚಿ ಇಲ್ಲ. ಎಷ್ಟು ಬೇಕು ತಗೋರಿ.”

ಡಾಕ್ಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ನಗಲಿಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಇವತ್ತಿಗೂ ಗೌರವ. ಅತ್ತೆಯ ತೋಳನ್ನು ಹಿಡಿದು ನೋಡಿ, “ಚರ್ಮ ಚೆನ್ನಾಗಿದೆ ತಾಯಿ. ಆದರೆ ಬೇರೆಯವರ ಕೋಶ ಇವಳ ಮೈಗೆ ಹತ್ತೋದಿಲ್ಲ, ಮೈ ಅದನ್ನು ಹೊರಗೆ ತಳ್ಳಿಬಿಡ್ತದೆ. ಇವಳದ್ದೇ ಬೇಕು. ಇವಳ ತೊಡೆಯ ಚರ್ಮಕ್ಕೆ ಏನೂ ಆಗಿಲ್ಲ, ಅಲ್ಲಿಂದಲೇ ತೆಗೀತೀವಿ,” ಎಂದರು.

“ಅಂದ್ರ ಈಕಿ ಬಣ್ಣನೇ ಬರ್ತದ?” ಅತ್ತೆಗೆ ನಿರಾಸೆಯಾಯಿತು.

“ಇವಳ ಬಣ್ಣವೇ ಬರಬೇಕು.”

ಅಪ್ಪ ಮಾತ್ರ ಇನ್ನೂ ಒಪ್ಪಿರಲಿಲ್ಲ. “ಅದೇ ಹೊಲದ ಬೀಜ ಹೆಂಗ್ರಿ?” ಎಂದ. ಡಾಕ್ಟರಮ್ಮ ಸ್ವಲ್ಪ ಯೋಚಿಸಿ, “ಹೊಲ ಒಂದೇ ಆದರೂ ಈ ಮೂಲೆ ಬೇರೆ, ಆ ಮೂಲೆ ಬೇರೆ ಅಂದ್ಕೊಳ್ಳಿ. ಆ ಮೂಲೆಗೆ ರೋಗ ಬಂದಿಲ್ಲ,” ಎಂದರು. ಅಪ್ಪ ತಲೆಯಾಡಿಸಿದ. ಅತ್ತೆ ತೋಳು ಇಳಿಸಿಕೊಂಡು ಬೆಂಚಿನ ಮೇಲೆ ಕೂತಳು. ಒಳಗೆ ಮಂಚದ ಮೇಲೆ ಮಲಗಿದಾಗ ನನಗೊಂದು ವಿಚಾರ ಬಂದು ಖುಷಿಯಾಯಿತು: ಹುಟ್ಟಿದಾಗಿನಿಂದ ‘ಕರಿ ಹುಡುಗಿ’ ಎನಿಸಿಕೊಂಡ ನನ್ನ ಕಪ್ಪು ಬಣ್ಣ ವಾಪಸು ಬರಲಿ ಎಂದು ಇಷ್ಟು ಜನ ಹೊರಗೆ ಕಾಯುತ್ತಿದ್ದಾರೆ.

ಜಾಗ ಜೋಮು ಹಿಡಿಯುವಂತೆ ಸೂಜಿ ಚುಚ್ಚಿದ್ದೇ ನೋವು. ತೊಡೆಯಿಂದ ತೆಗೆದ ತುಂಡನ್ನು ಒಂದು ಗಾಜಿನ ಬಟ್ಟಲಲ್ಲಿ ಹಾಕಿಕೊಂಡು ಹೋದರು. ಬಹಳ ಹೊತ್ತಿನ ಮೇಲೆ ಒಂದು ಸಿರಿಂಜಿನಲ್ಲಿ ಮಬ್ಬು ನೀರು ತಂದರು. ನನ್ನ ಬಣ್ಣ ಅದರೊಳಗಿತ್ತು. ನೋಡಿದರೆ ಜೋಳ ತೊಳೆದ ನೀರಿನಂತಿತ್ತು. ಉಜ್ಜಿದ ಗಲ್ಲದ ಮೇಲೆ ಅದನ್ನು ಹರಡಿ, ತೆಳು ಹಾಳೆಯಂಥದ್ದನ್ನು ಮುಚ್ಚಿ, ಕಿವಿಯ ತನಕ ಪಟ್ಟಿ ಕಟ್ಟಿದರು. ಆಮೇಲೆ ಡಾಕ್ಟರಮ್ಮ ಮನೆಯವರನ್ನೆಲ್ಲ ಕರೆದು ಹೇಳಿದರು: “ಪಟ್ಟಿ ಒಂದು ವಾರ ಅಲ್ಲಾಡಬಾರದು. ನೀರು ತಾಕಬಾರದು. ಗಟ್ಟಿ ಪದಾರ್ಥ ಅಗಿಯಬಾರದು. ಮಾತು ಕಡಿಮೆ. ಮುಖ್ಯವಾಗಿ, ನಗಬಾರದು. ಗಲ್ಲ ಜಗ್ಗಿದರೆ ಕೋಶ ಸರಿದು ಹೋಗ್ತಾವೆ.”

ನಮ್ಮ ಮನೆಯಲ್ಲಿ ರೊಟ್ಟಿ ಅಗಿಯದೆ, ಮಾತಾಡದೆ, ನಗದೆ ಒಂದು ವಾರ! ಇದಕ್ಕೆ ಕಾವಲಿರುತ್ತೇನೆ ಎಂದು ಅತ್ತೆ ಕೊಳಕೂರಕ್ಕೆ ಹೋಗದೆ ನಮ್ಮಲ್ಲೇ ಉಳಿದಳು. ಅವಳ ಕಾರಣ ಸರಳವಾಗಿತ್ತು. ತನ್ನ ಚರ್ಮವಂತೂ ಬೇಡವೆಂದರು, ತನ್ನ ಕಾವಲನ್ನಾದರೂ ಬೇಡವೆನ್ನುವವರು ಯಾರು?

ಬಾಗಿಲಿಗೆ ಅಡ್ಡ ಕಟ್ಟೆಯ ಮೇಲೆ ಕೂತಳು. ಬಂದವರನ್ನು ಅಲ್ಲಿಂದಲೇ ವಾಪಸು ಕಳಿಸಿದಳು. ಅವ್ವ ನನಗೆ ನುಚ್ಚಿನ ಗಂಜಿ ಮಾಡಿ ಬಲಗಡೆಯಿಂದ ಚಮಚದಲ್ಲಿ ಕುಡಿಸಿದಳು. ಒಂದೇ ತೊಂದರೆಯೆಂದರೆ ಅತ್ತೆ ಬಾಯಿ ತೆಗೆದರೆ ಜನ ನಗುತ್ತಾರೆ. ಅದು ಅವಳಿಗೂ ಗೊತ್ತಿತ್ತು. ಅದಕ್ಕೆ ಮೂರು ತಾಲೂಕಿನಲ್ಲಿ ಯಾರೂ ನಂಬದಂಥ ಕೆಲಸ ಮಾಡಿದಳು: ತಾನೂ ಮಾತು ಬಿಟ್ಟಳು. ಏನು ಬೇಕಿದ್ದರೂ ಕೈಸನ್ನೆ. ನೀರು ಬೇಕೆಂದರೆ ಹೆಬ್ಬೆರಳು, ಚಹಾ ಬೇಕೆಂದರೆ ಊದುವ ಬಾಯಿ, ಅಪ್ಪನ ಮೇಲೆ ಸಿಟ್ಟು ಬಂದರೆ ಎರಡೂ ಕೈ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡು ಸಂಭಾಳಿಸಿದೆ.

ಮೂರ್ನಾಲ್ಕು ದಿನ ಹೀಗೆ ಕಳೆಯಿತು. ಅಪ್ಪ ನರ್ಸರಿಯಲ್ಲಿ ಹೆಮ್ಮೆಯಿಂದ, ನನ್ನ ಮಗಳ ಗಲ್ಲದ ಮೇಲೆ ನಾಟಿ ಮಾಡ್ಯಾರ ಎಂದು ಹೇಳಿಕೊಂಡಿದ್ದ. ಆ ಮಾತು ಓಣಿಗೆಲ್ಲ ಹಬ್ಬಿ ಪಕ್ಕದ ಮನೆಯ ಮುದುಕಿ ಆಯಿಯ ತನಕ ಬಂದಿತ್ತು. ಆಯಿ ಕೋಲೂರಿಕೊಂಡು ಬಂದವಳು ಅತ್ತೆಯ ಕೈಸನ್ನೆಗೆ ಜಗ್ಗದೆ ಒಳಗೆ ಇಣುಕಿ, ನನ್ನ ಪಟ್ಟಿ ನೋಡಿ, ಬಹಳ ಕಾಳಜಿಯಿಂದ ಕೇಳಿದಳು:

“ನಾಟಿ ಆಗಿ ಎಷ್ಟ್ ದಿನಾತು? ನೀರು ಯಾವಾಗ ಬಿಡ್ತೀರಿ?”

ಅತ್ತೆ ಕೈಯಲ್ಲೇ ಇಲ್ಲ ಎಂದಳು. ಆಯಿಗೆ ಕಣ್ಣು ಮಂಜು. ಮತ್ತೆ ಕೇಳಿದಳು. ಅತ್ತೆ ಇಡೀ ಮೈ ಅಲ್ಲಾಡಿಸಿ ಇಲ್ಲ ಎಂದಳು. “ನೀರು ಬಿಡದಿದ್ರ ಒಣಗ್ತದಲ್ಲಬೇ,” ಎಂದು ಆಯಿ ಮೂಲೆಯ ಕೊಡದ ಕಡೆ ಹೊರಟೇಬಿಟ್ಟಳು.

ಅಷ್ಟು ದಿನ ತಡೆದಿದ್ದ ಅತ್ತೆಯ ಬಾಯಿ ಕಟ್ಟೆಯೊಡೆಯಿತು. “ಏ ಆಯೀ, ಹುಚ್ಚು ಹಿಡದದೇನ್! ಅದು ಹುಡುಗಿ ಮಾರಿ, ಕಬ್ಬಿನ ಮಡಿ ಅಲ್ಲ! ನೀರು ಹತ್ತಬಾರದು!”

ಆಯಿ ನಿಂತಳು. ಶಾಂತವಾಗಿ ಹೇಳಿದಳು: “ಬೈತಿ ಯಾಕ? ನೀರು ಬ್ಯಾಡಂದ್ರ ಬ್ಯಾಡ. ಗೊಬ್ಬರಾದ್ರೂ ಏನ್ ಹಾಕೀರಿ?”

ನಾನು ನಕ್ಕುಬಿಟ್ಟೆ. ತುಟಿ ಕಚ್ಚಿದೆ, ಉಸಿರು ಹಿಡಿದೆ, ಆಗಲಿಲ್ಲ. ಹೊಟ್ಟೆಯಿಂದ ಬಂದ ನಗು ಗಲ್ಲಕ್ಕೆ ಬಂದಾಗ ಕಿವಿಯ ಬಳಿ ಪಟ್ಟಿಯ ಅಂಚು ಚರ್ ಎಂದು ಬಿಟ್ಟಿತು.

ಅವ್ವನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು. ನಾನು ಗಲ್ಲವನ್ನು ಮುಟ್ಟಲು ಹೆದರಿ ಕೈಯನ್ನು ಅಂತರದಲ್ಲೇ ಹಿಡಿದು ಕೂತೆ. ಮೂರನೇ ವರ್ಷ ಹೋಯಿತು ಎಂದುಕೊಂಡೆ.

ಅಪ್ಪ ನರ್ಸರಿಯವರ ಬೈಕು ಕೇಳಿ ತಂದ. ಉಬ್ಬು ತಗ್ಗು ಬಂದಲ್ಲೆಲ್ಲ ನಿಧಾನ ಮಾಡುತ್ತಾ ಕಲಬುರಗಿ ಮುಟ್ಟಿಸಿದ. ಡಾಕ್ಟರಮ್ಮ ದೀಪ ಹಚ್ಚಿ ಅಂಚನ್ನು ನೋಡಿದರು, ಹೊಸ ಟೇಪು ಹಚ್ಚಿದರು. “ಅಂಚು ಮಾತ್ರ ಎದ್ದಿದೆ. ಒಳಗೆ ಏನಾಗಿದೆ ಅಂತ ಈಗ ಹೇಳೋಕಾಗೋದಿಲ್ಲ. ಕಾಯಬೇಕು,” ಎಂದರು. ಯಾಕೆ ನಕ್ಕೆ ಎಂದು ಕೇಳಿದರು. ಅಪ್ಪ ಆಯಿಯ ಮಾತನ್ನು ಹೇಳಿದ. ಈ ಸಲ ಡಾಕ್ಟರಮ್ಮ ಬೆನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿಕೊಂಡರು. ಅವರ ಭುಜ ಕುಲುಕುವುದು ನನಗೆ ಕಾಣುತ್ತಿತ್ತು.

ವಾರ ಮುಗಿದು ಪಟ್ಟಿ ಬಿಚ್ಚಿದಾಗ ಗಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಪ್ಪಿನ ಸುಳಿವಿಲ್ಲ. ಬಣ್ಣ ಬರಲು ತಿಂಗಳುಗಳೇ ಬೇಕು, ಬೆಳಿಗ್ಗೆ ಸ್ವಲ್ಪ ಹೊತ್ತು ಎಳೆ ಬಿಸಿಲು ಬೀಳಲಿ ಎಂದರು. ಅತ್ತೆ ‘ಬಿಸಿಲು’ ಎಂಬ ಒಂದೇ ಮಾತನ್ನು ಹಿಡಿದುಕೊಂಡಳು. ಬೇಸಿಗೆಯ ಮಟಮಟ ಮಧ್ಯಾಹ್ನ ನನ್ನನ್ನು ಅಂಗಳದಲ್ಲಿ ಕೂರಿಸಿ, “ನಮ್ಮ ಕಡಿ ಬಿಸಲಿಗೇನು ಬರ ಅದೇನ್? ಪುಕಟ್ ಸಿಗ್ತದ, ತಗೋ!” ಎಂದಳು. ಗಲ್ಲ ಕೆಂಡವಾಯಿತು. ಅವ್ವ ಬಂದು ಎಳೆದುಕೊಂಡು ಹೋದಳು. ಮರುದಿನ ಅತ್ತೆ ತಾನೇ, “ನಾ ಇಲ್ಲಿದ್ರ ಕೆಡಸ್ತೀನಿ,” ಎಂದು ಕೊಳಕೂರದ ಬಸ್ ಹತ್ತಿದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಒಂದು ತಿಂಗಳಾಯಿತು. ಏನೂ ಇಲ್ಲ. ಕಾಲೇಜು ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ನಾನು ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟೆ, ಆಮೇಲೆ ತೆಗೆದು ಗೋಡೆಯ ಮಾಡದಲ್ಲಿಟ್ಟೆ. ಮತ್ತೆ ಟ್ರಂಕಿನಲ್ಲಿಟ್ಟೆ. ಅವ್ವ ನೋಡುತ್ತಿದ್ದಳು.

ಒಂದು ಮುಂಜಾನೆ ನಾನು ಅವ್ವನ ಪಕ್ಕ ಕೂತು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದೆ. ಅವ್ವ ನನ್ನ ಕಡೆ ನೋಡಿ, “ಮಾರಿಗಿ ಮಸಿ ಹತ್ತೇದ ನೋಡಬೇ,” ಎನ್ನುತ್ತಾ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಒರೆಸಿದಳು. ಹೋಗಲಿಲ್ಲ. ಗಲ್ಲವನ್ನು ಬೆಳಕಿಗೆ ತಿರುಗಿಸಿ, ಹತ್ತಿರ ಬಂದು ನೋಡಿದಳು. ಗುಲಾಬಿ ಜಾಗದ ನಡುವೆ ಕರಿ ಎಳ್ಳು ಉದುರಿಸಿದಂತೆ ಚುಕ್ಕೆಗಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವ್ವ ಅದರ ಕಡೆ ನೋಡಲಿಲ್ಲ.

“ಇಲ್ಲಿ ಬರ್ರೀ! ಕಣ್ಣು ಒಡದದ ನೋಡ್ರೀ!” ಎಂದು ಅಪ್ಪನನ್ನು ಕೂಗಿದಳು. ಕಣ್ಣೊಡೆಯುವುದು ಎಂದರೆ ಕಬ್ಬಿನ ಮೊಳಕೆ ಬರುವುದು. ಅಪ್ಪ ಹಲ್ಲುಜ್ಜುವ ಬೇವಿನ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ನರ್ಸರಿಯ ಟ್ರೇ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನನ್ನ ಗಲ್ಲ ನೋಡಿದ. “ಹತ್ತೇದ,” ಎಂದ. ಮತ್ತೆ ಹೊರಗೆ ಹೋಗಿ ಬಹಳ ಹೊತ್ತು ಹಲ್ಲುಜ್ಜಿದ.

ಅತ್ತೆಗೆ ವಿಡಿಯೋ ಕಾಲ್ ಮಾಡಿದೆವು. ಕೊಳಕೂರದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. “ಏ, ಕಿವಿ ಕಾಣಾಕತ್ತದ, ಗಲ್ಲ ತೋರಸಬೇ! ಹತ್ತಿರ ತಾ! ಅಷ್ಟು ಹತ್ತಿರಲ್ಲ! ಅದೇನ್ ನೊಣ ಕುಂತಾವೇನ್?”

“ನೊಣಲ್ಲ ಅತ್ತೀ, ಬಣ್ಣ!”

ಆ ಕಡೆಯಿಂದ ಸದ್ದಿಲ್ಲ. ನೆಟ್‌ವರ್ಕ್ ಹೋಗಿರಬೇಕು ಎಂದುಕೊಂಡೆವು. ಆಮೇಲೆ ಅತ್ತೆ ಮೂಗೊರೆಸಿಕೊಳ್ಳುವ ಸದ್ದು ಕೇಳಿತು. “ಮತ್ತ ನಗಬ್ಯಾಡ,” ಎಂದು ಫೋನ್ ಇಟ್ಟಳು.

ಕಾಲೇಜು ಶುರುವಾದ ದಿನ ನನ್ನ ಗಲ್ಲ ನೋಡಲು ಮೊದಲಿಗಿಂತ ವಿಚಿತ್ರವಾಗಿತ್ತು. ಮೊದಲು ಬರೀ ಬಿಳಿ, ಈಗ ಬಿಳಿಯ ಮೇಲೆ ಚುಕ್ಕೆ ಚುಕ್ಕೆ. ಆದರೂ ನಾನು ಹೋದೆ. ಗೋಡೆಯ ಪಕ್ಕದ ಬೆಂಚು ಬಿಟ್ಟು ಮುಂದಿನ ಬೆಂಚಿನಲ್ಲಿ ಕೂತೆ. ಗೆಳತಿಯರು ಏನದು ಎಂದು ಕೇಳಿದರು. ಹೇಳಿದೆ. ವಾರಕ್ಕೊಮ್ಮೆ ಅವರೇ ನನ್ನ ಗಲ್ಲ ಹಿಡಿದು, ಎಷ್ಟು ಬಂತು ನೋಡೋಣ ಬಾ ಎನ್ನತೊಡಗಿದರು. ಪ್ರಾಜೆಕ್ಟಿನ ವಿಷಯ ಯಾವುದು ಎಂದು ಮೇಡಮ್ ಕೇಳಿದಾಗ, “ಬಣ್ಣದ ಕೋಶಗಳ ನಾಟಿ,” ಎಂದೆ. ಮೇಡಮ್ ನನ್ನನ್ನೇ ನೋಡಿದರು. “ಮುಂದೆ ನಿಂತು ಹೇಳ್ತೀಯಾ?” ಎಂದರು. ಹೇಳ್ತೀನ್ರಿ ಎಂದೆ.

ಚುಕ್ಕೆಗಳು ಒಂದನ್ನೊಂದು ಕೂಡಿದವು. ದೀಪಾವಳಿಯ ಹೊತ್ತಿಗೆ ಗಲ್ಲ ತುಂಬಿತು, ಮೊದಮೊದಲು ಉಳಿದ ಮುಖಕ್ಕಿಂತ ತುಸು ಹೆಚ್ಚೇ ಕಪ್ಪಾಗಿತ್ತು, ಆಮೇಲೆ ಹೊಂದಿಕೊಂಡಿತು. ಕಿವಿಯ ಬಳಿ, ಪಟ್ಟಿ ಎದ್ದಿದ್ದ ಕಡೆ, ಉಗುರಿನಷ್ಟು ಬಿಳಿ ಹಾಗೇ ಉಳಿಯಿತು. ಬೆರಳ ತುದಿಗೆ ನಾಟಿ ಹತ್ತುವುದು ಕಷ್ಟವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಾನು ಅದನ್ನು ಮಾಡಿಸಲೂ ಇಲ್ಲ.

ಪ್ರಾಜೆಕ್ಟಿನ ದಿನ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡುತ್ತಾ, “ಇದೆಲ್ಲ ಪುಸ್ತಕದಲ್ಲಿ ಓದಿದ್ದೋ, ಕಣ್ಣಾರೆ ನೋಡಿದ್ದೋ?” ಎಂದು ಕೇಳಿದರು. ನಾನು ಎಡಗಲ್ಲ ಮುಂದೆ ಮಾಡಿದೆ. “ಇಲ್ಲಿ ಇತ್ತು ಸರ್, ಈಗ ಇಲ್ಲ.” ಅವರು ಕುರ್ಚಿಯಿಂದ ಎದ್ದು ಬಂದು ನೋಡಿದರು. ಎಲ್ಲರಿಗೂ ಹೀಗೆ ಆಗುತ್ತದೆಯೇ ಎಂದರು. “ಇಲ್ಲ ಸರ್. ಹರಡುವುದು ನಿಂತವರಿಗೆ ಮಾತ್ರ ಮಾಡ್ತಾರೆ. ಅವರಲ್ಲೂ ಎಲ್ಲರಿಗೂ ಪೂರ್ತಿ ಬರೋದಿಲ್ಲ. ಮುಖಕ್ಕೆ ಚೆನ್ನಾಗಿ ಹತ್ತುತ್ತದೆ, ಇಲ್ಲಿ ಹತ್ತೋದು ಕಷ್ಟ,” ಎಂದು ಬಿಳಿ ಬೆರಳುಗಳನ್ನು ಚಾಚಿ ತೋರಿಸಿದೆ. ಹಿಂದಿನ ಬೆಂಚಿನಿಂದ ಗೆಳತಿಯೊಬ್ಬಳು, “ಆಯಿಯ ಗೊಬ್ಬರದ ಮಾತೂ ಹೇಳೇ!” ಎಂದಳು. ಪರೀಕ್ಷಕರು ಏನದು ಎಂದರು. ಹೇಳಿದೆ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ, ಗಲ್ಲ ತುಂಬ.

ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಡುವ ದಿನ ಅಪ್ಪ, ಅವ್ವ, ಅತ್ತೆ ಮೂವರೂ ಬಂದರು. ಅತ್ತೆ ಮುಂದಿನ ಸಾಲಿನ ಕುರ್ಚಿಗಳ ಮೇಲೆ ‘ಅತಿಥಿಗಳಿಗೆ’ ಎಂದು ಬರೆದಿದ್ದನ್ನು ಓದಲು ಬಾರದೆ ನೇರ ಅಲ್ಲೇ ಹೋಗಿ ಕೂತಳು. ಯಾರೂ ಎಬ್ಬಿಸಲಿಲ್ಲ. ನನ್ನ ಹೆಸರು ಕರೆದಾಗ ಕರಿ ಗೌನು ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಮುಖ್ಯ ಅತಿಥಿಗಳು ಪ್ರಮಾಣಪತ್ರವನ್ನು ನನ್ನ ಎರಡೂ ಕೈಗಳಿಗೆ ಕೊಟ್ಟರು. ಫೋಟೋದವನು, “ಮೇಡಮ್, ಇತ್ತ ನೋಡ್ರಿ,” ಎಂದ. ನಾನು ಮುಖ ಪೂರ್ತಿ ಅವನ ಕಡೆ ತಿರುಗಿಸಿದೆ.

ಇಳಿದು ಬಂದು ಅದನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಅಂಚುಗಳಷ್ಟನ್ನೇ ಹಿಡಿದ. “ಏನ್ ಬರದಾರ?” ಎಂದ. ಓದಿ ಹೇಳಿದೆ. ಇದು ನನ್ನ ಹೆಸರು, ಇದು ನಿನ್ನ ಹೆಸರು, ಇದು ಅವ್ವನ ಹೆಸರು. ಅಪ್ಪ ತನ್ನ ಹೆಸರಿದ್ದ ಜಾಗವನ್ನು ಮುಟ್ಟಲಿಲ್ಲ, ಹತ್ತಿರದಿಂದ ನೋಡಿದ. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

ಅತ್ತೆ ಪ್ರಮಾಣಪತ್ರವನ್ನು ತನ್ನ ಕೈಗೆ ತೆಗೆದುಕೊಂಡಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು, ಮತ್ತೆ ಮುಂದೆ ನೋಡಿದಳು.

“ಅಪ್ಪನ ಹೆಸರು ಹಾಕ್ಯಾರ, ಅವ್ವನ ಹೆಸರು ಹಾಕ್ಯಾರ,” ಎಂದಳು. “ಜನ್ಮದಾಗ ಸುಮ್ಮ ಕುಂಡ್ರದಾಕಿ ಬಾಯಿ ಮುಚಗೊಂಡು ನಿನ್ನ ಮಾರಿ ಕಾದೀನಿ, ನನ್ನ ಹೆಸರು ಯಾವ ಮೂಲ್ಯಾಗ ಹಾಕ್ಯಾರ ತೋರಸಬೇ!”